ಐದನೆಯ ದಿನದ ಬಣ್ಣ

ಇವತ್ತಿಗೆ ಐದನೆಯ ದಿನ, ಹಸಿರಾಗಿರಬೇಕಿತ್ತು. ಆದರೆ ವಾಸಂತಿ ಬಟ್ಟೆ ಹರವಲು ಮಾಳಿಗೆಗೆ ಬರಲೇ ಇಲ್ಲ. ಶಿವಪ್ರಕಾಶ ಏಳೂವರೆಯಿಂದ ತನ್ನ ಕೋಣೆಯ ಹೊಸ್ತಿಲ ಮೇಲೆ, ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎಂಟಾಯಿತು, ಎಂಟೂಕಾಲಾಯಿತು. ಸ್ಟೇಡಿಯಂ ಕಟ್ಟುತ್ತಿದ್ದ ಕಡೆಯಿಂದ ಲಾರಿಗಳೆಬ್ಬಿಸಿದ ಧೂಳು ಉಪ್ಪಲ್ ಬಡಾವಣೆಯ ಮನೆಗಳ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಖಾಲಿ ತಂತಿ ಅಲುಗಾಡದೆ ನಿಂತಿತ್ತು. ಅವನಿಗೆ ಬಂದದ್ದು ಆತಂಕವಲ್ಲ, ಸಿಟ್ಟು. ಓದುತ್ತಿದ್ದ ಪುಟವನ್ನು ಯಾರೋ ಹರಿದುಕೊಂಡು ಹೋದಂಥ ಸಿಟ್ಟು. ಪೆಟ್ಟು ಬಿದ್ದ ಚರ್ಮ ಮೊದಲು ಕೆಂಪು, ಮೂರು ದಿನದವರೆಗೆ ನೀಲಿ, ನಾಲ್ಕಕ್ಕೆ ಕಂದು, ಐದು ಆರಕ್ಕೆ ಹಸಿರು, ಏಳರಿಂದ ಹಳದಿ, ಹದಿನೈದು ದಿನಕ್ಕೆ ಏನೂ ನಡೆದೇ ಇಲ್ಲವೆಂಬಂತೆ ಮೊದಲಿನ ಬಣ್ಣ. ಬಾಯಿಪಾಠ ಮಾಡಿದಾಗಲೆಲ್ಲ ಈ ಸಾಲು ಅವನ ತಲೆಯಲ್ಲಿ ಕಲಸಿಹೋಗುತ್ತಿತ್ತು, ಕಂದು ಮೊದಲೋ ಹಸಿರು ಮೊದಲೋ ತಿಳಿಯದೆ ಹಿಂದಿನ ವರ್ಷದ ಕಿರುಪರೀಕ್ಷೆಯಲ್ಲಿ ಎಲ್ಲರ ಮುಂದೆ ತಡವರಿಸಿದ್ದ. ವಾಸಂತಿಯ ತೋಳನ್ನು ನೋಡತೊಡಗಿದ ಮೇಲೆ ಒಂದು ಸಲವೂ ತಪ್ಪಿರಲಿಲ್ಲ.

ಅದು ಶುರುವಾದದ್ದು ಎರಡು ತಿಂಗಳ ಹಿಂದೆ. ಮಾಳಿಗೆಯ ಮೇಲೆ ತಗಡು ಹೊದಿಸಿದ ಒಂದೇ ಕೋಣೆಗೆ ಈ ಊರಲ್ಲಿ ಪೆಂಟ್‌ಹೌಸ್ ಎನ್ನುತ್ತಾರೆ. ಅಂಥದೊಂದರಲ್ಲಿ ಅವನು ಬಾಡಿಗೆಗಿದ್ದ. ಕೆಳಗಿನ ಮನೆಯಲ್ಲಿ ತರುಣ ಎಂಬವನು ಮತ್ತು ಅವನ ಹೆಂಡತಿ ವಾಸಂತಿ. ತರುಣ ಮೈಸೂರಿನವನು, ಬೇಗಂಪೇಟೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇಂಜಿನಿಯರ್. ರಾಯಚೂರಿನಲ್ಲಿ ಓದುವಾಗ ಲಿಂಗಸುಗೂರಿನ ಈ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಮಾಳಿಗೆಯ ತಂತಿ ಎಲ್ಲರದು. ವಾಸಂತಿ ಒದ್ದೆ ಚಾದರ ತಂತಿಗೆ ಎಸೆಯಲು ಕೈ ಎತ್ತಿದಾಗ ಕುಪ್ಪಸದ ತೋಳು ಮೇಲೆ ಸರಿದು, ರಟ್ಟೆಯ ಒಳಬದಿಯ ಮೆತ್ತನೆಯ ಭಾಗದಲ್ಲಿ ಸಾಲಾಗಿ ನಾಲ್ಕು ಗುರುತು ಕಂಡವು. ನಾಲ್ಕು ಬೆರಳು. ಹಿಂದಿನ ವಾರವಷ್ಟೇ ಅವನು ಅಂಥ ಚಿತ್ರವನ್ನು ಪುಸ್ತಕದಲ್ಲಿ ನೋಡಿದ್ದ: ಹಿಡಿದ ಗುರುತು. ಅವಳು ಸೆರಗು ಎಳೆದುಕೊಂಡಳು, ಅವನು ಕಣ್ಣು ಪುಸ್ತಕಕ್ಕೆ ಇಳಿಸಿದ. ಮರುದಿನ ತಾನಾಗಿಯೇ ಅದೇ ಹೊತ್ತಿಗೆ ಹೊಸ್ತಿಲ ಮೇಲೆ ಕೂತಿದ್ದ. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ತಾರೀಕು, ಅದರ ಮುಂದೆ ‘ಎಡ, ನೀಲಿ’ ಎಂದು ಬರೆದ. ಹೆಸರು ಬರೆಯಲಿಲ್ಲ. ಹೆಸರು ಬರೆಯದಿದ್ದರೆ ಅದು ಓದು ಎಂದು ಅನ್ನಿಸಿತ್ತು. ಅವಳ ತೋಳು ದುಂಡಗಿತ್ತು, ಕೂಸಿನ ತೋಳಿನಂತೆ ಮಡಿಕೆ ಬೀಳುತ್ತಿತ್ತು ಎಂಬುದನ್ನೂ ಅವನು ನೋಡಿದ್ದ; ಅದನ್ನು ಅಂಚಿನಲ್ಲಿ ಬರೆಯುವ ಅಗತ್ಯವಿರಲಿಲ್ಲ.

ಎಂಟೂವರೆಗೆ ಪುಸ್ತಕ ಚೀಲಕ್ಕೆ ಹಾಕಿಕೊಂಡು ಇಳಿದ. ಕೆಳಗಿನ ಮನೆಗೆ ಬೀಗ. ಅಂಗಳದಲ್ಲಿ ನೀರು ಚೆಲ್ಲುತ್ತಿದ್ದ ಮನೆಯ ಒಡತಿ ಸತ್ಯಭಾಮಾ ಬಕೆಟ್ ಇಟ್ಟು ಹತ್ತಿರ ಬಂದಳು. ನಸುಕಿನಲ್ಲಿ ವಾಸಂತಿ ಬಾತ್‌ರೂಮಿನಲ್ಲಿ ಜಾರಿ ಬಿದ್ದಳಂತೆ, ಮಾತಿಲ್ಲ, ಗಂಡ ಆಟೋ ತರಿಸಿ ಎತ್ತಿಕೊಂಡು ಹೋದ ಎಂದು ತೆಲುಗಿನಲ್ಲಿ ಹೇಳಿದಳು. ‘ಪೈನ ಡಾಕ್ಟರ್ ಬಾಬು ಉನ್ನಾಡು ಕದಾ ಅಂದೆ. ಬೇಡ ಆಂಟಿ, ಅವರಿಗೆ ಪರೀಕ್ಷೆ ಇದೆ, ಎಬ್ಬಿಸಬೇಡಿ ಅಂದ.’ ಮೇಲೆಯೇ ಡಾಕ್ಟರ್ ಇದ್ದಾನಲ್ಲ ಎಂದು ಅವಳು ಅಂದದ್ದನ್ನು ಕೇಳಿ ಶಿವಪ್ರಕಾಶನ ಎದೆಯಲ್ಲಿ ಮೊದಲು ಎದ್ದದ್ದು ಸಮಾಧಾನ. ಎಬ್ಬಿಸಲಿಲ್ಲ. ತಾನು ಇಳಿದು ಬಂದು ನಾಡಿ ಹಿಡಿದು ನೋಡಬೇಕಾಗಿ ಬರಲಿಲ್ಲ. ಆ ಸಮಾಧಾನ ಬಸ್‌ಸ್ಟಾಪಿನವರೆಗೂ ಅವನ ಜೊತೆ ಬಂತು. ಮೆಡಿಕಲ್ ಕಾಲೇಜಿರುವ ಕೋಠಿಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಮೇಲೆ, ತನಗೆ ಸಮಾಧಾನವಾದದ್ದು ಯಾಕೆ ಎಂದು ಕೇಳಿಕೊಂಡ. ಕೇಳಿಕೊಂಡು ಕಿಟಕಿಯಾಚೆ ನೋಡಿದ. ಕಂಪನಿಗಳ ಬಿಳಿ ಕ್ಯಾಬುಗಳು ಒಂದರ ಹಿಂದೊಂದು ಎದುರಿನಿಂದ ಬರುತ್ತಿದ್ದವು. ಒಳಗೆ ಕೊರಳಿಗೆ ಪಟ್ಟಿ ಹಾಕಿಕೊಂಡು ತಲೆ ವಾಲಿಸಿ ನಿದ್ದೆಹೋದ ಹುಡುಗರು, ಹುಡುಗಿಯರು. ಅವರಲ್ಲಿ ಅರ್ಧ ಜನ ತನ್ನ ಓರಿಗೆಯವರು. ಯಾರೂ ಅವರನ್ನು ‘ಯಾವ ಇಂಜಿನಿಯರ್’ ಎಂದು ಕೇಳಿ ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ. ಕುಷ್ಟಗಿಯ ಹತ್ತಿರದ ಒಂದು ಊರಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಾಯಿ ಕೇಳಿದ್ದಳು, ಯಾವ ಡಾಕ್ಟರ್ ಅಂತ. ಅಣ್ಣ ಹೇಳಿದ. ಅವಳು ಉಪ್ಪಿಟ್ಟಿನ ತಟ್ಟೆ ನೀಡಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಹೊರಡುವಾಗ ಅವನು ನೀರು ಕುಡಿದ ಲೋಟ ಅಂಗಳದ ಕಟ್ಟೆಯ ಮೇಲೆ ಒಂಟಿಯಾಗಿ ಮಗುಚಿಟ್ಟಿತ್ತು. ಬೇರೆ ವಿಷಯಕ್ಕೆ ಅಂಕ ಸಾಲದೆ ಹೆಣ ಕೊಯ್ಯುವ ವಿಷಯ ಸಿಕ್ಕಿತು ಎಂದು ಯಾರಿಗೆ ತಾನೇ ಹೇಳುವುದು?

ಇವತ್ತು ಬಸ್ಸಿನ ನೂಕಾಟದಲ್ಲಿ, ಕಂಬಿ ಹಿಡಿದ ಹೆಂಗಸರ ತೋಳುಗಳನ್ನೇ ತಾನು ನೋಡುತ್ತಿದ್ದೇನೆಂದು ತಿಳಿದು ಕಣ್ಣು ಮುಚ್ಚಿದ. ಮುಚ್ಚಿದರೆ ಆ ಬೆಳಿಗ್ಗೆ ಬಂತು. ಮೂರು ವಾರದ ಹಿಂದಿನದು. ವಾಸಂತಿ ಬಟ್ಟೆಯ ಬುಟ್ಟಿ ಕೆಳಗಿಟ್ಟು ನೇರ ಅವನ ಹೊಸ್ತಿಲ ಹತ್ತಿರ ಬಂದು ನಿಂತಿದ್ದಳು. ಎರಡೂ ಕೈ ಸೆರಗಿನೊಳಗೆ.

‘ಡಾಕ್ಟ್ರ, ಒಂದ್ ಮಾತ್ ಕೇಳ್ಲೇನ್ರಿ?’

‘ಕೇಳ್ರಿ.’

‘ಮೈಮ್ಯಾಲಿನ ಪೆಟ್ಟಿನದು ಒಂದು ಕಾಗದ ಬರದು ಕೊಡ್ತಾರಂತಲ್ಲ, ನೀವು ಕೊಡಾಕ ಬರತೈತೇನ್ರಿ?’

ಅವನಿಗೆ ಅರ್ಥವಾಯಿತು. ಅರ್ಥವಾಗದವನಂತೆ ‘ಯಾರಿಗೆ?’ ಎಂದ.

‘ನನಗ.’ ಅವಳು ಸ್ವಲ್ಪ ಹೊತ್ತು ತಂತಿಯ ಕಡೆ ನೋಡಿದಳು. ‘ಇವರು ಆಫೀಸಿನಿಂದ ಬಂದವರು ಬೂಟು ಬಿಚ್ಚಂಗಿಲ್ರಿ. ಬೂಟ್ ಕಾಲಿಲೇ ಒದೀತಾರ. ಸಾರಿಗೆ ಉಪ್ಪು ಹೆಚ್ಚಾತು, ಫೋನ್ ಯಾಕ ತಡ ಮಾಡಿ ಎತ್ತಿದಿ, ಯಾವದಾದ್ರೂ ಆತು. ಮರುದಿನ ತಾವೇ ಮುಲಾಮು ಹಚ್ತಾರ. ಅವ್ವಗ ಹೇಳಿಲ್ಲ. ಹೇಳಿದ್ರ ಆಕಿ ಎದಿ ಒಡಕೊಂತಾಳ. ನನ್ ಕಡೆ ಒಂದು ಕಾಗದ ಇದ್ರ, ಪೊಲೀಸರ ಹಂತೇಲಿ ಹೋದ್ರ, ಏನಾದ್ರೂ ಅಂತಾರಲ್ರಿ...’

‘ನಾನಿನ್ನೂ ಓದಾಂವ ರೀ. ನನ್ನ ಸಹಿ ನಡ್ಯಾಂಗಿಲ್ಲ. ಆಸ್ಪತ್ರಿಗೆ ಬರಬೇಕಾಗತೈತಿ. ಅದಕ್ಕ ಮೊದಲ ಪೊಲೀಸರ ಚೀಟಿ ತರಬೇಕು.’

ಅವಳು ನಕ್ಕಳು. ಚಂದವಾಗಿಯೇ ನಕ್ಕಳು. ‘ಪೊಲೀಸರ ಕಡೆ ಹೋಗಾಕ ಕಾಗದ ಬೇಕು, ಕಾಗದಕ್ಕ ಪೊಲೀಸರ ಚೀಟಿ ಬೇಕು. ಚಲೋ ಐತಿ ಬಿಡ್ರಿ.’ ಹೊರಟವಳು ತಿರುಗಿ, ‘ಐತವಾರ ನೀವು ಕಂಪ್ಯೂಟರಿಗೆ ಬಂದಾಗ ಏನೂ ಅನಬ್ಯಾಡ್ರಿ ಮತ್ತ’ ಎಂದಳು.

ಅವನು ಹೇಳಿದ್ದು ಸುಳ್ಳು. ಪೆಟ್ಟು ತಿಂದವರು ನೇರ ಬಂದರೂ ಆಸ್ಪತ್ರೆಯ ಡಾಕ್ಟರು ನೋಡಿ, ಬರೆದು, ತಾವೇ ಪೊಲೀಸರಿಗೆ ತಿಳಿಸಬೇಕು. ಚೀಟಿ ಗೀಟಿ ಬೇಕಿಲ್ಲ. ಅದು ಪುಸ್ತಕದ ಮೊದಲನೆಯ ಅಧ್ಯಾಯದಲ್ಲೇ ಇತ್ತು. ಅದೇ ವಾರ ಎಂ.ಬಿ.ಬಿ.ಎಸ್. ಹುಡುಗರಿಗೆ ತಾನೇ ಅದನ್ನು ಪಾಠ ಮಾಡಿದ್ದ. ಕರೆದುಕೊಂಡು ಹೋಗಿದ್ದರೆ ಅರ್ಧ ದಿನದ ಕೆಲಸ. ಆದರೆ ಆ ಐತವಾರ ಅವನ ಪ್ರಬಂಧದ ಕೊನೆಯ ಅಧ್ಯಾಯ ತರುಣನ ಕಂಪ್ಯೂಟರಿನಲ್ಲಿ ಕೂತಿತ್ತು. ಕ್ರಿಮಿನಾಶಕ ಕುಡಿದು ಸತ್ತವರ ಮೇಲಿನ ಪ್ರಬಂಧ, ಮೂರು ವರ್ಷದ ಕೆಲಸ. ತರುಣ ತಾನಾಗಿಯೇ ಕರೆದು, ‘ಬನ್ನಿ ಡಾಕ್ಟ್ರೇ, ಹೊರಗಡೆ ಯಾಕೆ ಟೈಪ್ ಮಾಡಿಸ್ತೀರಾ, ನಾನಿಲ್ವಾ’ ಎಂದಿದ್ದ. ಅಂದು ಹೋದಾಗ ತರುಣ ಕೋಷ್ಟಕದ ಗೆರೆಗಳನ್ನು ಒಂದೊಂದಾಗಿ ಸರಿಪಡಿಸುತ್ತ, ‘ಹೆಂಗಸರೇ ಜಾಸ್ತಿ ಅಲ್ವಾ ಡಾಕ್ಟ್ರೇ?’ ಎಂದು ಕೇಳಿದ. ‘ಹೌದು.’ ‘ಪಾಪ’ ಎಂದ. ನಿಜವಾಗಿಯೂ ಪಾಪ ಎನ್ನಿಸಿದಂತೆ ಅಂದ. ವಾಸಂತಿ ಉದ್ದ ತೋಳಿನ ಕುಪ್ಪಸ ತೊಟ್ಟು ಚಹಾ ತಂದಿಟ್ಟಳು. ಶಿವಪ್ರಕಾಶ ಪರದೆಯ ಮೇಲಿನ ಅಂಕಿಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆಮೇಲಿನ ದಿನಗಳಲ್ಲಿ ಒಂದು ಬದಲಾವಣೆಯಾಯಿತು. ಮಾಳಿಗೆಯ ಮೇಲೆ ತೋಳು ಸರಿದರೆ ಅವಳು ಸೆರಗು ಎಳೆದುಕೊಳ್ಳುವುದನ್ನು ಬಿಟ್ಟಳು. ಅವನ ಕಣ್ಣೆದುರೇ, ತಡೆದು ತಡೆದು, ಒಂದೊಂದೇ ಬಟ್ಟೆ ಹರವುತ್ತಿದ್ದಳು. ಅದು ಬೈಗುಳವೋ ಬೇಡಿಕೆಯೋ ಎಂದು ಅವನು ಯೋಚಿಸಲಿಲ್ಲ. ಈಗ ಚೆನ್ನಾಗಿ ಕಾಣುತ್ತದೆ ಎಂದುಕೊಂಡ. ಹೌದು, ಹಾಗೆಯೇ ಅಂದುಕೊಂಡ. ಬಸ್ಸು ಕೋಠಿಯಲ್ಲಿ ನಿಂತಾಗ, ಹಾಗೆ ಅಂದುಕೊಂಡ ಮನುಷ್ಯನನ್ನು ಕಂಬಿಗೇ ತೂಗುಹಾಕಿ ಇಳಿದು ಹೋಗುವುದು ಸಾಧ್ಯವಿದ್ದರೆ ಎಂದು ಅನ್ನಿಸಿತು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಶವಾಗಾರದ ಮಲ್ಲಣ್ಣ ವಿಭಾಗದ ಬಾಗಿಲಲ್ಲಿ ತಲೆ ಹಾಕಿ, ‘ಸಾರ್, ಕೊತ್ತ ಕೇಸು. ಉಪ್ಪಲ್ ನುಂಚಿ’ ಎಂದ. ಉಪ್ಪಲ್ಲಿನಿಂದ ಹೊಸ ಹೆಣ ಬಂದಿದೆ. ವಿಭಾಗದ ಮುಖ್ಯಸ್ಥ ಡಾ. ರಾಮದಾಸ ಕನ್ನಡಕ ಒರೆಸಿಕೊಳ್ಳುತ್ತ ಪೊಲೀಸರ ಕಾಗದ ಓದಿದರು: ಇಪ್ಪತ್ತಾರು ವರ್ಷ, ಮದುವೆಯಾಗಿ ಮೂರು ವರ್ಷ, ಬಾತ್‌ರೂಮಿನಲ್ಲಿ ಬಿದ್ದದ್ದು, ಆಸ್ಪತ್ರೆ ತಲುಪುವ ಮುಂಚೆ ಸಾವು. ಮದುವೆಯಾಗಿ ಏಳು ವರ್ಷದೊಳಗಿನ ಸಾವು, ಆದ್ದರಿಂದ ತಹಶೀಲ್ದಾರರು ಬಂದು ವಿಚಾರಣೆ ಮಾಡುತ್ತಿದ್ದಾರೆ, ತಾಯಿ ಬರಬೇಕಿದೆ. ‘ಬಾ ಶಿವಪ್ರಕಾಶ್’ ಎಂದರು ಅವರು. ‘ಪರೀಕ್ಷೆ ಹತ್ತಿರ ಬಂತು, ಇದು ನಿನಗೆ ಪಾಠವಾಗುತ್ತದೆ.’ ತಾನು ಅವಳನ್ನು ಬಲ್ಲೆ ಎಂದು ಹೇಳಲು ಅಲ್ಲಿಂದ ಶವಾಗಾರದವರೆಗೆ ಇನ್ನೂರು ಹೆಜ್ಜೆಯ ದಾರಿಯಿತ್ತು. ಅವನು ಇನ್ನೂರೂ ಹೆಜ್ಜೆ ಸುಮ್ಮನೆ ನಡೆದ.

ಮಲ್ಲಣ್ಣ ಬಟ್ಟೆ ಸರಿಸಿದಾಗ ಶಿವಪ್ರಕಾಶ ಗುರುತಿಸಿದ್ದು ಮೊದಲು ತೋಳನ್ನು, ಆಮೇಲೆ ಮುಖವನ್ನು. ಬಲತೋಳು, ಮೊಣಕೈಯಿಂದ ನಾಲ್ಕು ಬೆರಳು ಮೇಲೆ. ಹಸಿರಾಗಿತ್ತು. ಅಂಚಿನಲ್ಲಿ ಇನ್ನೂ ಸ್ವಲ್ಪ ಕಂದು, ನಡುವೆ ಹಸಿರು, ಪುಸ್ತಕ ಸುಳ್ಳಾಗಿರಲಿಲ್ಲ. ಅವನ ಮೈಯೊಳಗೆ ಎಲ್ಲೋ ಒಂದು ಸಣ್ಣ ನೆಮ್ಮದಿ, ಲೆಕ್ಕ ಕೂಡಿಬಂದ ನೆಮ್ಮದಿ, ಚಕ್ಕನೆ ಎದ್ದು ಕೂತಿತು. ರಾಮದಾಸರು ಅಳೆಯುತ್ತ, ಹೇಳುತ್ತ ಹೋದರು, ಅವನು ಬರೆದುಕೊಳ್ಳುತ್ತ ಹೋದ. ಎಡದೊಡೆಯಲ್ಲಿ ಹಳದಿ. ಬೆನ್ನಿನಲ್ಲಿ ನೀಲಿ. ಬಲಪಕ್ಕೆಯ ಕೆಳಗೆ, ಹೊಸದು, ಕೆಂಪು, ಅರ್ಧಚಂದ್ರದ ಆಕಾರ. ಹೊಟ್ಟೆ ಬಿಚ್ಚಿದಾಗ ಒಳಗೆಲ್ಲ ರಕ್ತ, ಯಕೃತ್ತು ಬಿರಿದಿತ್ತು. ತಲೆಗೆ ಏನೂ ಆಗಿರಲಿಲ್ಲ. ‘ಜಾರಿ ಬಿದ್ದವರು ಹೀಗೆ ಬೀಳುವುದಿಲ್ಲ’ ಎಂದರು ರಾಮದಾಸರು ತಮಗೆ ತಾವೇ. ಆಮೇಲೆ ಚಿಮಟದ ತುದಿಯಿಂದ ಬಲತೋಳನ್ನು ತೋರಿಸಿ, ವಿದ್ಯಾರ್ಥಿಗೆ ಕೇಳುವ ದನಿಯಲ್ಲಿ ಕೇಳಿದರು, ‘ಹೇಳಪ್ಪ, ಇದರ ವಯಸ್ಸು?’

‘ಐದು ದಿನ ಸರ್. ಶುಕ್ರವಾರ ಬೆಳಿಗ್ಗೆ ಕೆಂಪಿತ್ತು.’

ಪಕ್ಕದಲ್ಲಿದ್ದ ಕಿರಿಯ ಡಾಕ್ಟರ್ ನಕ್ಕುಬಿಟ್ಟ. ರಾಮದಾಸರು ನಗಲಿಲ್ಲ. ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿ, ಅವನನ್ನು ಕೈತೊಳೆಯುವ ನಲ್ಲಿಯ ಹತ್ತಿರ ಕರೆದರು. ‘ಶುಕ್ರವಾರ ಅಂತ ಯಾವ ಪುಸ್ತಕದಲ್ಲಿ ಬರೆದಿದೆ?’

‘ನನಗೆ ಈಕೆ ಗೊತ್ತು ಸರ್. ನಾನಿರೋ ಮನೆಯ ಕೆಳಗಿನ ಮನೆ.’ ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ತಂತಿ, ತೋಳು, ಕಾಗದ ಕೇಳಿದ್ದು, ಬೂಟು. ಚೀಟಿ ಬೇಕೆಂದು ತಾನು ಹೇಳಿದ ಸುಳ್ಳನ್ನು ಮಾತ್ರ ಹೇಳದೆ ನುಂಗಿದ. ಆದರೆ ರಾಮದಾಸರು ಮೂವತ್ತು ವರ್ಷ ಇದೇ ಕೆಲಸ ಮಾಡಿದವರು.

‘ಕಾಗದ ಕೇಳಿದಾಗ ನೀನು ಏನಂದೆ?’

ಹೇಳಬೇಕಾಯಿತು. ನಲ್ಲಿಯ ನೀರು ಹರಿಯುತ್ತಲೇ ಇತ್ತು. ಅವರು ಅದನ್ನು ನಿಲ್ಲಿಸಿ ಕೈ ಒರೆಸಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು. ‘ಗಂಡ ಅವಳಿಗೆ ಫಿಟ್ಸ್ ಇತ್ತು, ಆಗಾಗ ಬೀಳುತ್ತಿದ್ದಳು ಅಂತ ಬರೆಸಿದ್ದಾನೆ’ ಎಂದರು. ‘ಹಳೆಯ ಗಾಯಗಳಿಗೆ ಅದೇ ಉತ್ತರ ಕೊಡುತ್ತಾನೆ. ನಾನು ದೇಹ ಹೇಳಿದ್ದನ್ನು ಬರೆಯುತ್ತೇನೆ. ಹೇಗೆ ಅಂತ ಅದು ಹೇಳುತ್ತದೆ. ಯಾರು ಅಂತ ಹೇಳುವುದಿಲ್ಲ. ಅವಳು ಬಾಯಿಬಿಟ್ಟು ಹೇಳಿದ್ದು ನಿನ್ನೊಬ್ಬನಿಗೆ ಅನ್ನಿಸುತ್ತದೆ. ತಹಶೀಲ್ದಾರರು ವರಾಂಡದಲ್ಲಿದ್ದಾರೆ. ಹೋಗು ಅಂತ ನಾನು ಹೇಳಬಾರದು, ಬೇಡ ಅಂತಲೂ ಹೇಳುವುದಿಲ್ಲ. ಕೋರ್ಟು ಎಂದರೆ ವರ್ಷಗಟ್ಟಲೆ, ತಿಳಿದಿರಲಿ.’ ಕೈ ಮುಂದೆ ಮಾಡಿ, ‘ಆ ಟಿಪ್ಪಣಿಯ ಹಾಳೆ ಇತ್ತ ಕೊಡು. ಇನ್ನು ಈ ಕೇಸಿನಲ್ಲಿ ನೀನು ಬರೆಯಕೂಡದು’ ಎಂದರು.

ಹೊರಗೆ ಬಂದರೆ ತರುಣ. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ, ಕಣ್ಣು ಅತ್ತು ಅತ್ತು ಊದಿದ್ದವು; ಆ ಅಳು ಸುಳ್ಳೆಂದು ಹೇಳಲು ಶಿವಪ್ರಕಾಶನಿಗೆ ಯಾವ ಲಕ್ಷಣವೂ ಸಿಗಲಿಲ್ಲ. ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡ. ‘ಡಾಕ್ಟ್ರೇ, ನೀವಿದ್ದೀರಲ್ಲ, ಸಾಕು ನನಗೆ. ನೋಡಿ ಹೆಂಗಾಗೋಯ್ತು. ಅವಳಿಗೆ ಫಿಟ್ಸ್ ಇತ್ತು, ನಿಮಗೇ ಗೊತ್ತಲ್ಲ, ಎಷ್ಟು ಸಲ ಬಿದ್ದು ಮೈಯೆಲ್ಲ ಕಪ್ಪಾಗ್ತಿತ್ತು. ನೀವು ಒಂದ್ಮಾತು ತಹಶೀಲ್ದಾರರಿಗೆ ಹೇಳ್ಬಿಡಿ. ಡಾಕ್ಟ್ರು ಹೇಳಿದ್ರೆ ಕೇಳ್ತಾರೆ.’ ಅವನ ಅಂಗೈ ಬಿಸಿಯಿತ್ತು, ಬೆವರಿತ್ತು. ಮೈಮೇಲಿನ ಕಪ್ಪು ನಿಮಗೇ ಗೊತ್ತಲ್ಲ ಎಂದನಲ್ಲ, ಅಂದರೆ ತರುಣನಿಗೆ ಗೊತ್ತಿತ್ತು. ಮಾಳಿಗೆಯ ಹೊಸ್ತಿಲಲ್ಲಿ ಒಬ್ಬ ದಿನವೂ ಕೂತು ನೋಡುತ್ತಾನೆ, ನೋಡಿ ಸುಮ್ಮನಿರುತ್ತಾನೆ ಎಂದು ಗೊತ್ತಿತ್ತು. ಆ ನಂಬಿಕೆಯ ಮೇಲೆಯೇ ಕೋಷ್ಟಕದ ಗೆರೆ ಸರಿಮಾಡಿಕೊಟ್ಟಿದ್ದ. ತರುಣ ಒಂದು ಕೈ ಬಿಡಿಸಿಕೊಂಡು ಭುಜದ ಚೀಲದಿಂದ ಕಂದು ಲಕೋಟೆ ತೆಗೆದ. ‘ನಿಮ್ಮ ಥೀಸಿಸ್ಸು ಸಿ.ಡಿ.ಗೆ ಬರೆದಿಟ್ಟಿದ್ದೆ. ಬ್ಯಾಗಲ್ಲೇ ಉಳಿದಿತ್ತು. ತಗೊಳ್ಳಿ, ಇನ್ನು ನಾನು ಯಾವಾಗ ಸಿಗ್ತೀನೋ ಏನೋ.’ ಶಿವಪ್ರಕಾಶನ ಕೈ, ಅವನನ್ನು ಕೇಳದೆಯೇ, ಲಕೋಟೆ ತೆಗೆದುಕೊಂಡು ಬಿಳಿಕೋಟಿನ ಜೇಬಿಗೆ ಹಾಕಿತು. ಬಾಯಿ ‘ಥ್ಯಾಂಕ್ಸ್’ ಎಂದಿತು. ಆಡಿದ ಮಾತನ್ನು ಕೇಳಿಸಿಕೊಂಡು ಅವನು ಅಲ್ಲಿಯೇ ನಿಂತ.

ವಾಸಂತಿಯ ತಾಯಿ ಸೂಗಮ್ಮ ಎರಡೂವರೆಗೆ ಬಂದಳು. ಲಿಂಗಸುಗೂರಿನಲ್ಲಿ ಬಾಲವಾಡಿಯ ಟೀಚರ್, ಗಂಡ ಇಲ್ಲದವಳು. ಬಸ್ಸಿನಲ್ಲಿ ಒಬ್ಬಳೇ ಏಳು ತಾಸು ಕೂತು ಬಂದಿದ್ದಳು. ಒಳಗೆ ಕರೆದೊಯ್ದು ಮುಖ ತೋರಿಸಿದರು. ಹೊರಗೆ ಬಂದಾಗ ಅವಳು ಅಳುತ್ತಿರಲಿಲ್ಲ; ಯಾರೋ ಕೂರಿಸಿದ ಸಿಮೆಂಟಿನ ಬೆಂಚಿನ ಮೇಲೆ, ಚೀಲ ತೊಡೆಯ ಮೇಲಿಟ್ಟುಕೊಂಡು, ಹೆಸರು ಕರೆಯುವುದನ್ನು ಕಾಯುವವಳಂತೆ ಕೂತಳು. ತಹಶೀಲ್ದಾರರು ಅಲ್ಲೇ ಮೇಜು ಹಾಕಿಕೊಂಡಿದ್ದರು, ಪಕ್ಕದಲ್ಲಿ ಎಸ್.ಐ. ಅವಳಿಗೆ ತೆಲುಗು ಬಾರದು. ಅರ್ಧಮರ್ಧ ಕನ್ನಡ ಬಲ್ಲ ಒಬ್ಬ ಕಾನ್‌ಸ್ಟೇಬಲ್ಲನನ್ನು ಹಿಡಿದು ಕೇಳಿಸಿದರು: ಮಗಳಿಗೆ ಫಿಟ್ಸ್ ಇತ್ತೇ?

ಸೂಗಮ್ಮ ಯೋಚಿಸಿದಳು. ‘ಸಣ್ಣಾಕಿದ್ದಾಗ, ಮೂರು ವರ್ಷದಾಕಿ, ಜ್ವರ ನೆತ್ತಿಗೇರಿ ಒಮ್ಮೆ ಬಂದಿತ್ರಿ. ಸುಳ್ಳು ಯಾಕ ಹೇಳ್ಲಿ.’

ಕಾನ್‌ಸ್ಟೇಬಲ್ ತೆಲುಗಿನಲ್ಲಿ ಹೇಳಿದ: ಬಂದಿತ್ತಂತೆ. ತಹಶೀಲ್ದಾರರ ಗುಮಾಸ್ತ ಬರೆದುಕೊಂಡ. ಸ್ವಲ್ಪ ದೂರದಲ್ಲಿ ಕಂಬಕ್ಕೊರಗಿ ನಿಂತಿದ್ದ ತರುಣ ಕಣ್ಣು ಮುಚ್ಚಿ ಉಸಿರು ಬಿಟ್ಟ. ಸಣ್ಣಾಕಿ, ಜ್ವರ, ಒಮ್ಮೆ, ಈ ಮೂರು ಮಾತು ದಾರಿಯಲ್ಲೇ ಬಿದ್ದುಹೋಗಿ ಕಾಗದದ ಮೇಲೆ ಫಿಟ್ಸ್ ಒಂದೇ ಉಳಿಯಿತು. ಸುಳ್ಳು ಹೇಳದ ಹೆಂಗಸು ತನ್ನ ಕೈಯಾರೆ ಅಳಿಯನಿಗೆ ಬಿಡುಗಡೆ ಬರೆದುಕೊಟ್ಟಳು, ಮತ್ತು ಅದು ಅವಳಿಗೆ ಗೊತ್ತಿಲ್ಲ. ಶಿವಪ್ರಕಾಶನಿಗೆ ಧೈರ್ಯವೇನೂ ಬರಲಿಲ್ಲ. ಆ ಹೊತ್ತನ್ನು ಆಮೇಲೆ ಎಷ್ಟು ಸಲ ನೆನೆದರೂ ಧೈರ್ಯದ ಗುರುತು ಅದರಲ್ಲಿ ಸಿಗಲಿಲ್ಲ. ಇನ್ನೊಂದು ನಿಮಿಷ ಸುಮ್ಮನಿದ್ದರೆ ತಾನು ಹೀಗೆಯೇ ಬದುಕಬಲ್ಲೆ, ಪರೀಕ್ಷೆ ಪಾಸಾಗಿ, ಪಾಠ ಮಾಡಿ, ಮಕ್ಕಳನ್ನು ಪಡೆದು ಹಾಯಾಗಿ ಬದುಕಬಲ್ಲೆ ಎಂಬುದು ಅವನಿಗೆ ಬಹಳ ಸ್ಪಷ್ಟವಾಗಿ ಕಂಡಿತು. ಅದಕ್ಕೆ ಹೆದರಿ ಮೇಜಿನ ಹತ್ತಿರ ಹೋದ.

ತನ್ನ ಹೆಸರು, ವಿಳಾಸ ಹೇಳಿದ. ಜ್ವರದ ಮಾತು ಸರಿಯಾಗಿ ಬರೆದುಕೊಳ್ಳಿ ಎಂದ. ಆಮೇಲೆ ಉಳಿದದ್ದನ್ನು. ತೆಲುಗಿನಲ್ಲಿ ಹೇಳುವುದು ಸುಲಭವಾಗಿತ್ತು. ಅದು ಅವನಿಗೆ ಬಸ್ಸಿನ, ಅಂಗಡಿಯ, ಆಸ್ಪತ್ರೆಯ ಭಾಷೆ, ಅದರಲ್ಲಿ ನಾಚಿಕೆಪಡಲು ಅವನಿನ್ನೂ ಕಲಿತಿರಲಿಲ್ಲ. ತಾರೀಕು ಹೇಗೆ ನೆನಪಿದೆ ಎಂದು ತಹಶೀಲ್ದಾರರು ಕೇಳಿದರು. ಅವನು ಚೀಲದಿಂದ ಪುಸ್ತಕ ತೆಗೆದು ಆ ಪುಟ ಬಿಚ್ಚಿ ಮೇಜಿನ ಮೇಲಿಟ್ಟ. ಅವರು ಅಂಚಿನ ಪೆನ್ಸಿಲ್ ಗುರುತುಗಳ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತ ಹೋದರು. ಎಡ, ನೀಲಿ. ಎಡ, ಕಂದು. ಬೆನ್ನು, ಸರಿಯಾಗಿ ಕಾಣಲಿಲ್ಲ. ಬಲ, ಕೆಂಪು. ಇಪ್ಪತ್ತೆಂಟು ಗುರುತು. ಅವರು ತಲೆಯೆತ್ತಿ ಅವನನ್ನು ನೋಡಿದ ನೋಟ ಉಪ್ಪಿಟ್ಟಿನ ತಟ್ಟೆ ನೀಡಿದ ಆ ಹೆಂಗಸಿನ ನೋಟದಂತಿರಲಿಲ್ಲ, ಆಕೆಯದು ಅಸಹ್ಯವಷ್ಟೇ.

‘ಮೀರು ಏಮಿ ಚೇಸಾರು?’ ನೀವೇನು ಮಾಡಿದಿರಿ ಎಂದು ಕೇಳಿದರು.

‘ಏಮೀ ಚೇಯಲೇದು’ ಎಂದ. ಏನೂ ಮಾಡಲಿಲ್ಲ. ಗುಮಾಸ್ತ ಅದನ್ನೂ ಬರೆದುಕೊಂಡ. ಪುಸ್ತಕವನ್ನು ಎಸ್.ಐ. ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಇಬ್ಬರು ಕಾನ್‌ಸ್ಟೇಬಲ್ಲರು ತರುಣನ ಎರಡು ಪಕ್ಕ ನಿಂತು ಜೀಪಿನ ಕಡೆ ನಡೆಸಿದರು. ಅವನು ಜಗಳಾಡಲಿಲ್ಲ. ಹೋಗುತ್ತ ಶಿವಪ್ರಕಾಶನ ಕಡೆ ತಿರುಗಿ, ನಿಜಕ್ಕೂ ಆಶ್ಚರ್ಯಪಟ್ಟವನಂತೆ, ‘ಇಷ್ಟು ದಿನ ಇಲ್ಲದ್ದು ಇವತ್ತೇನು ಡಾಕ್ಟ್ರೇ?’ ಎಂದ.

ಮೇಜು ಎತ್ತಿದರು. ವರಾಂಡದಲ್ಲಿ ಸೂಗಮ್ಮ, ಅವನು, ಇಬ್ಬರೇ ಉಳಿದರು. ಅವಳು ಇಷ್ಟು ಹೊತ್ತೂ ಮಗಳ ಹೆಸರು ಬಂದಾಗಲೆಲ್ಲ ಅವನ ಬಾಯನ್ನೇ ನೋಡುತ್ತಿದ್ದಳು.

‘ಏನ್ ಬರಕೊಂಡ್ರು ಯಪ್ಪಾ? ನೀವ್ ಏನ್ ಹೇಳಿದ್ರಿ? ನನಗ ಒಂದೂ ತಿಳೀಲಿಲ್ಲ. ಕನ್ನಡದಾಗ ಹೇಳ್ರಿ.’

ಅವನು ಅವಳೆದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಹೇಳತೊಡಗಿದ. ತೆಲುಗಿನಲ್ಲಿ ಸಾಲಾಗಿ ಬಂದ ಮಾತು ಇಲ್ಲಿ ಹಾಗೆ ಬರಲಿಲ್ಲ. ಇದು ವಾಸಂತಿಯ ಮಾತು, ತನ್ನ ಅವ್ವನ ಮಾತು. ಬೂಟು ಬಿಚ್ಚಂಗಿಲ್ರಿ ಎಂದಿದ್ದಳು. ಅವ್ವಗ ಹೇಳಿಲ್ಲ ಎಂದಿದ್ದಳು. ನನ್ನ ಹಂತೇಲಿ ಕಾಗದ ಕೇಳಿದ್ರು, ನಾ ಕೊಡಲಿಲ್ರಿ. ಚೀಟಿ ಬೇಕಂತ ಸುಳ್ಳು ಹೇಳಿದೆ. ದಿನ್ನಾ ನೋಡತಿದ್ದೆ. ಕೆಂಪಿದ್ದದ್ದು ನೀಲಿ ಆಗತಿತ್ತು, ಆಮ್ಯಾಲ ಕಂದು, ಹಸರು. ನಮ್ಮ ಪರೀಕ್ಷಾದಾಗ ಅದನ್ನ ಕೇಳ್ತಾರ್ರಿ.

ಸೂಗಮ್ಮ ಕೈ ಎತ್ತಲಿಲ್ಲ, ಶಾಪ ಹಾಕಲಿಲ್ಲ. ಬಾಲವಾಡಿಯ ಕೂಸು ತೊದಲಿ ಹೇಳಿದ್ದನ್ನು ತಿಳಿದುಕೊಳ್ಳುವವಳಂತೆ ಹುಬ್ಬು ಕೂಡಿಸಿ ಕೇಳಿದಳು.

‘ಹಸರ ಆಗಿತ್ತಂದ್ರಲ್ಲ’ ಎಂದಳು ಕೊನೆಗೆ. ‘ಹಸರ ಆದಾಗ ನೋವು ಇರತೈತೇನ್ರಿ, ಕಮ್ಮಿ ಆಗಿರತೈತೋ?’

ಅವನು ಬಾಯಿ ತೆರೆದ. ರಕ್ತ ಒಡೆದು ಯಾವುದು ಏನಾಗುತ್ತದೆ, ಎಷ್ಟನೆಯ ದಿನ, ಮುದುಕರಲ್ಲಿ ಯಾಕೆ ತಡ, ಕಣ್ಣಿನ ಬಿಳಿಯಲ್ಲಿ ಯಾಕೆ ಹಸಿರಾಗುವುದೇ ಇಲ್ಲ, ಎಲ್ಲವೂ ಗೊತ್ತಿತ್ತು. ಇದು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಆ ತೋಳಿನಿಂದ ಅವಳು ನೀರಿಳಿಯುವ ಚಾದರಗಳನ್ನು ಹಿಂಡುತ್ತಿದ್ದಳು, ತಲೆಯ ಮೇಲೆತ್ತಿ ಎಸೆಯುತ್ತಿದ್ದಳು. ತಡೆದು ತಡೆದು, ಒಂದೊಂದೇ.

‘ಗೊತ್ತಿಲ್ಲವ್ವಾ.’

‘ಆಕೀನ ಕೇಳಲಿಲ್ಲೇನು?’

‘ಇಲ್ಲ.’

ಸೂಗಮ್ಮ ತಲೆಯಾಡಿಸಿದಳು. ಒಳಗಿನಿಂದ ಮಲ್ಲಣ್ಣ ಬಾಗಿಲು ತೆರೆದು, ಉಡಿಸಲು ಸೀರೆ ಬೇಕು ಎಂದು ಸನ್ನೆ ಮಾಡಿದ. ಅವಳು ಚೀಲದಲ್ಲಿ ಕೈಯಾಡಿಸಿ, ಬರುವ ಅವಸರದಲ್ಲಿ ಮನೆಯಿಂದ ಎತ್ತಿಕೊಂಡಿದ್ದ ತನ್ನದೇ ಒಂದು ಇಳಕಲ್ ಸೀರೆ ತೆಗೆದಳು. ಅವಳು ಏಳಲು ಹೋದಾಗ ಶಿವಪ್ರಕಾಶ ಕೈ ಚಾಚಿದ. ಅವಳು ಗೋಡೆ ಹಿಡಿದು ಎದ್ದಳು.